ದುಡ್ಡು ಕೊಡದ ರೂಮ್‌ಮೇಟ್‌ಗೆ ವೈಫೈ ಕಟ್ ಮಾಡ್ಬೋದಾ? ಮಾಡೋದಾದ್ರೆ ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಇವತ್ತಿನ ವಿಷಯ ಚಿಕ್ಕದು, ಆದ್ರೆ ರೂಮಲ್ಲಿ ಇರೋರಿಗೆ ಮಾತ್ರ ಗೊತ್ತು ಅದರ ನೋವು. ನರಸಾಪುರ, ವೇಮಗಲ್, ಮಾಲೂರು ಇಂಡಸ್ಟ್ರಿಯಲ್ ಏರಿಯಾ ಸುತ್ತಮುತ್ತ ರೂಮ್ ಮಾಡ್ಕೊಂಡಿರೋ ಹುಡುಗ ಹುಡುಗೀರು ತುಂಬಾ ಜನ. ಮುಳಬಾಗಿಲು ಕಡೆಯಿಂದ ಬಂದೋರು, ಶ್ರೀನಿವಾಸಪುರದಿಂದ ಬಂದೋರು, ಆಂಧ್ರದ ಗಡಿ ದಾಟಿ ಬಂದೋರು, ಎಲ್ಲ ಸೇರಿ ಒಂದು ಸಿಂಗಲ್ ಬೆಡ್‌ರೂಮ್ ಮನೆ. ಬಾಡಿಗೆ ಹಂಚ್ಕೊತಾರೆ, ಗ್ಯಾಸ್ ಹಂಚ್ಕೊತಾರೆ, ವೈಫೈನೂ ಹಂಚ್ಕೊತಾರೆ. ಮೂರು ತಿಂಗಳು ಎಲ್ಲಾ ಚೆನ್ನಾಗಿರುತ್ತೆ. ನಾಲ್ಕನೇ ತಿಂಗಳು ಒಬ್ಬ ದುಡ್ಡು ಹಾಕಲ್ಲ. "ಮುಂದಿನ ವಾರ ಕೊಡ್ತೀನಿ ಮಗಾ" ಅಂತಾನೆ. ಆ ಮುಂದಿನ ವಾರ ಬರೋದೇ ಇಲ್ಲ. ರಾತ್ರಿ ಮಾತ್ರ ಅವನ ಫೋನಲ್ಲಿ ರೀಲ್ಸ್ ಸೌಂಡ್ ಬರ್ತಾನೇ ಇರುತ್ತೆ.

ಆಗ ಉಳಿದ ಮೂವರ ತಲೇಲಿ ಒಂದೇ ಪ್ರಶ್ನೆ. ಇವನೊಬ್ಬನಿಗೆ ಮಾತ್ರ ನೆಟ್ ಕಟ್ ಮಾಡೋಕೆ ಆಗುತ್ತಾ?

ಆಗುತ್ತೆ. ಹೇಗೆ ಅಂತಾನೂ ಇವತ್ತು ಹೇಳ್ತೀನಿ. ಆದ್ರೆ ಮೊದಲು ಲೆಕ್ಕ ನೋಡೋಣ. ಬಿ.ಕಾಂ ಓದಿರೋದು ಸುಮ್ನೆ ಹೋಗಬಾರದು ನೋಡಿ. ಮತ್ತೆ, ಇದು ಹುಡುಗೀರ ರೂಮಲ್ಲೂ ನಡೆಯೋ ಕಥೆನೇ. ಮಾತಿಗೆ ಸುಲಭ ಅಂತ ನಾನು "ನಾಲ್ಕನೆಯವನು" ಅಂತ ಕರೀತೀನಿ, ಅಷ್ಟೇ.

ಮೊದಲು ಲೆಕ್ಕ: ಜಗಳ ಎಷ್ಟು ರೂಪಾಯಿದು?

ತಿಂಗಳಿಗೆ 499 ರೂಪಾಯಿ ಪ್ಲಾನ್ ಅಂದ್ಕೊಳ್ಳಿ. ಬ್ರಾಡ್‌ಬ್ಯಾಂಡ್ ಬಿಲ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ. ಅಲ್ಲಿಗೆ 588 ರೂಪಾಯಿ 82 ಪೈಸೆ. ನಾಲ್ಕು ಜನಕ್ಕೆ ಭಾಗ ಮಾಡಿದ್ರೆ ತಲೆಗೆ ಹೆಚ್ಚುಕಮ್ಮಿ 147 ರೂಪಾಯಿ. ಒಬ್ಬ ಕೈ ಎತ್ತಿಬಿಟ್ರೆ ಮೂರು ಜನಕ್ಕೆ 196 ರೂಪಾಯಿ. ಅಂದ್ರೆ ಅವನು ಕೊಡದೇ ಇದ್ದಿದ್ದಕ್ಕೆ ನಿಮ್ಮ ಜೇಬಿಂದ ಹೆಚ್ಚಿಗೆ ಹೋಗೋದು ತಿಂಗಳಿಗೆ 49 ರೂಪಾಯಿ. ಒಂದು ಮಸಾಲೆ ದೋಸೆ ದುಡ್ಡು.

ಹಂಗಂತ "ಬಿಟ್ಟಾಕಿ ಗುರು, 49 ರೂಪಾಯಿ ತಾನೇ" ಅಂತ ನಾನು ಹೇಳ್ತಿಲ್ಲ. ಅವನು ಕೊಡಬೇಕಾಗಿದ್ದು ವರ್ಷಕ್ಕೆ 1,766 ರೂಪಾಯಿ. ಅದಕ್ಕಿಂತ ಮುಖ್ಯವಾಗಿ ಇಲ್ಲಿ ನೋಯೋದು ದುಡ್ಡಲ್ಲ, ಮರ್ಯಾದೆ. ನಾನು ಕೊಡ್ತೀನಿ, ಅವನು ಕೊಡಲ್ಲ, ಇಬ್ಬರಿಗೂ ಒಂದೇ ಸ್ಪೀಡು ಅನ್ನೋದು ಹೊಟ್ಟೆ ಉರಿಸುತ್ತೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಫ್ರೀ ರೈಡರ್ ಸಮಸ್ಯೆ ಅಂತಾರೆ. ನಮ್ಮ ಭಾಷೇಲಿ ಬಿಟ್ಟಿ ಸವಾರಿ. ಅದರ ನಿಜವಾದ ಅಪಾಯ ಏನು ಗೊತ್ತಾ? ಒಬ್ಬ ಬಿಟ್ಟಿ ಓಡಿಸಿದ್ದು ನೋಡಿ ಎರಡನೆಯವನು "ನಾನ್ಯಾಕೆ ಕೊಡಲಿ" ಅಂತಾನೆ. ಎರಡು ತಿಂಗಳಲ್ಲಿ ಕನೆಕ್ಷನ್ನೇ ಬಂದ್.

ಇನ್ನೊಂದು ಲೆಕ್ಕ: ಅವನಿಂದ ನೆಟ್ ಸ್ಲೋ ಆಗ್ತಿದೆಯಾ?

"ದುಡ್ಡೂ ಕೊಡಲ್ಲ, ಡೇಟಾನೂ ಖಾಲಿ ಮಾಡ್ತಾನೆ" ಅನ್ನೋದು ಸಾಮಾನ್ಯ ದೂರು. ಇದರಲ್ಲಿ ಎರಡನೇ ಅರ್ಧ ಬಹುಪಾಲು ಸುಳ್ಳು. ದೊಡ್ಡ ಕಂಪನಿಗಳ ಹಲವು "ಅನ್‌ಲಿಮಿಟೆಡ್" ಪ್ಲಾನ್‌ಗಳಲ್ಲಿ ತಿಂಗಳಿಗೆ ಸುಮಾರು 3,300 ಜಿಬಿ ಮಿತಿ ಇರುತ್ತೆ. ಅದು ದಾಟಿದ್ರೆ ಸ್ಪೀಡ್ ಇಳಿಸ್ತಾರೆ. 3,300 ಜಿಬಿ ಅಂದ್ರೆ ದಿನಕ್ಕೆ 110 ಜಿಬಿ. ನಾಲ್ಕು ಜನ ದಿನಾ ಗಂಟೆಗಟ್ಟಲೆ ಫೋನಲ್ಲಿ ವಿಡಿಯೊ ನೋಡಿದ್ರೂ ಅದನ್ನ ಮುಗಿಸೋದು ಕಷ್ಟ. ನಿಮ್ಮ ಪ್ಲಾನ್ ಮಿತಿ ಎಷ್ಟು ಅಂತ ಬಿಲ್ ಅಥವಾ ಆ್ಯಪ್‌ನಲ್ಲಿ ಒಂದ್ಸಲ ನೋಡ್ಕೊಳ್ಳಿ.

ಸ್ಪೀಡ್ ವಿಷಯ ಬೇರೆ. 40 ಎಂಬಿಪಿಎಸ್ ಲೈನ್ ಇದೆ ಅಂತಿಟ್ಕೊಳ್ಳಿ. ಫುಲ್ ಎಚ್‌ಡಿ ವಿಡಿಯೊಗೆ ಸುಮಾರು 5 ಎಂಬಿಪಿಎಸ್ ಸಾಕು. ನಾಲ್ಕು ಜನ ಒಟ್ಟಿಗೆ ನೋಡಿದ್ರೂ 20. ಇನ್ನೂ ಅರ್ಧ ಲೈನ್ ಖಾಲಿನೇ. ಆದ್ರೆ ಅದೇ ಟೈಮಲ್ಲಿ ಒಬ್ಬ ದೊಡ್ಡ ಗೇಮ್ ಡೌನ್‌ಲೋಡ್‌ಗೆ ಹಾಕಿದ್ರೆ, ಅಥವಾ ಫೋನು ಸಾವಿರಾರು ಫೋಟೊ ಬ್ಯಾಕಪ್ ಮಾಡ್ತಾ ಕೂತ್ರೆ, ಅದು ಸಿಕ್ಕಷ್ಟೂ ಜಾಗ ನುಂಗುತ್ತೆ. ಆಗ ನಿಮ್ಮ ವಿಡಿಯೊ ಕಾಲ್ ಕಟ್ ಕಟ್ ಆಗುತ್ತೆ, ಗೇಮಲ್ಲಿ ಪಿಂಗ್ ಏರುತ್ತೆ. ಆ ಕೆಲಸ ದುಡ್ಡು ಕೊಟ್ಟವನೂ ಮಾಡ್ತಾನೆ, ಕೊಡದೇ ಇರೋನೂ ಮಾಡ್ತಾನೆ.

ಹಾಗಾಗಿ ಎರಡು ಸಮಸ್ಯೆ ಬೇರೆ ಬೇರೆ ಇಟ್ಕೊಳ್ಳಿ. ದುಡ್ಡು ಕೊಡದೇ ಇರೋದು ಒಂದು. ಲೈನ್ ನುಂಗೋದು ಇನ್ನೊಂದು. ಔಷಧಿನೂ ಬೇರೆ ಬೇರೆ.

ಯಾಕೆ ಕೊಡ್ತಿಲ್ಲ ಅಂತ ಕೇಳಿದ್ರಾ?

ಸೆಟ್ಟಿಂಗ್ಸ್ ಮುಟ್ಟೋ ಮುಂಚೆ ಇದು ಕೇಳ್ಬೇಕು. ಯಾಕಂದ್ರೆ ದುಡ್ಡು ಕೊಡದೇ ಇರೋರಲ್ಲಿ ಮೂರು ಥರ ಇದ್ದಾರೆ.

ಒಂದು, ಕೈಲಿ ಇಲ್ಲದೋನು. ಕಾಂಟ್ರ್ಯಾಕ್ಟ್ ಕೆಲಸದಲ್ಲಿ ಸಂಬಳ ತಡ ಆಗೋದು ನಮ್ಮ ಜಿಲ್ಲೆಗೆ ಹೊಸದಲ್ಲ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ನಡೆದ ಗಲಾಟೆ ದೇಶವೇ ನೋಡ್ತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಆಗಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತ್ತು. ಆ ಕಾರ್ಖಾನೆ ಈಗ ಟಾಟಾ ಕೈಲಿದೆ. ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, "ಸಂಬಳ ಆಗಿಲ್ಲ" ಅನ್ನೋ ಮಾತು ಪ್ರತಿ ಸಲ ನೆಪ ಆಗಿರಲ್ಲ.

ಎರಡು, ಬಳಸದೇ ಇರೋನು. ನೈಟ್ ಶಿಫ್ಟ್‌ನಲ್ಲಿ ಇರ್ತಾನೆ, ಹಗಲೆಲ್ಲ ಮಲಗಿರ್ತಾನೆ, ವಾರಕ್ಕೆ ಎರಡು ದಿನ ಊರಿಗೆ ಹೋಗ್ತಾನೆ, ಅವನ ರೀಚಾರ್ಜಲ್ಲೇ ದಿನಕ್ಕೆ 2 ಜಿಬಿ ಇದೆ. ಅವನಿಗೆ 147 ರೂಪಾಯಿ ಕೊಡೋಕೆ ಕಾರಣ ಕಾಣಿಸ್ತಿಲ್ಲ. ಅವನು ಹೇಳೋದ್ರಲ್ಲಿ ನ್ಯಾಯ ಇದೆ.

ಮೂರು, ಕೈಲಿ ಇದ್ದೂ ಕೊಡದೋನು. ಶನಿವಾರ ಪಾರ್ಟಿಗೆ ಇರುತ್ತೆ, ವೈಫೈಗೆ ಇರಲ್ಲ.

ಮೊದಲನೆಯವನಿಗೆ ಟೈಮ್ ಕೊಡಿ. ಎರಡನೆಯವನ ಜೊತೆ ಲೆಕ್ಕ ಬದಲಿಸ್ಕೊಳ್ಳಿ. ಕಟ್ ಮಾಡೋ ಮಾತು ಬರೋದು ಮೂರನೆಯವನಿಗೆ ಮಾತ್ರ.

ನೀರುಗಂಟಿ ಹೇಗೆ ಮಾಡ್ತಿದ್ದ?

ಕೋಲಾರ ಜಿಲ್ಲೆಗೆ ವರ್ಷಪೂರ್ತಿ ಹರಿಯೋ ನದಿ ಇಲ್ಲ. ನಮ್ಮ ಹಿರಿಯರು ಬದುಕಿದ್ದು ಕೆರೆ ನಂಬ್ಕೊಂಡು. ಕೆರೆ ನೀರು ಎಲ್ಲರದ್ದು. ಆದ್ರೆ ಯಾರು ಯಾವಾಗ ಎಷ್ಟು ಬಿಟ್ಕೋಬೇಕು ಅಂತ ನೋಡೋಕೆ ಊರಲ್ಲಿ ಒಬ್ಬ ಇರ್ತಿದ್ದ, ನೀರುಗಂಟಿ. ತೂಬು ತೆಗೆಯೋನು ಅವನೇ, ಮುಚ್ಚೋನು ಅವನೇ. ಸರದಿ ಪ್ರಕಾರ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಾಯಿಸ್ತಿದ್ದ. ಅವನ ಕೆಲಸಕ್ಕೆ ಸುಗ್ಗೀಲಿ ರೈತರು ಧಾನ್ಯ ಕೊಡ್ತಿದ್ರು. ನಿಮ್ಮ ತಾತನ್ನ ಕೇಳಿ ನೋಡಿ, ಹೇಳ್ತಾರೆ.

ಎಲಿನಾರ್ ಓಸ್ಟ್ರಮ್ ಅಂತ ಅಮೆರಿಕದ ವಿದ್ವಾಂಸರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ನೀರು, ಮೀನು, ಹುಲ್ಲುಗಾವಲು, ಇಂಥ ಹಂಚಿಕೊಂಡು ಬಳಸೋ ವಸ್ತುಗಳನ್ನ ಜನ ಜಗಳ ಇಲ್ಲದೆ ಹೇಗೆ ನಡೆಸ್ಕೊಂಡು ಹೋಗ್ತಾರೆ ಅಂತ ಬೇರೆ ಬೇರೆ ದೇಶಗಳಲ್ಲಿ ನೋಡಿದ್ರು. 1990ರ ಅವರ ಪುಸ್ತಕದಲ್ಲಿ ಕಾಣೋ ಮುಖ್ಯ ಅಂಶಗಳು ಇವು: ಯಾರು ಒಳಗೆ ಯಾರು ಹೊರಗೆ ಅಂತ ಸ್ಪಷ್ಟ ಇರಬೇಕು, ನಿಯಮ ಮಾಡೋವಾಗ ಬಳಸೋರೆಲ್ಲ ಕೂತಿರಬೇಕು, ಮತ್ತೆ ತಪ್ಪಿಗೆ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲ ತಪ್ಪಿಗೇ ದೊಡ್ಡ ಶಿಕ್ಷೆ ಕೊಟ್ರೆ ಒಗ್ಗಟ್ಟು ಒಡೆಯುತ್ತೆ. ಶಿಕ್ಷೆನೇ ಇಲ್ಲದಿದ್ರೆ ಯಾರೂ ಕೊಡಲ್ಲ.

ನಿಮ್ಮ ರೂಮಿನ ರೌಟರ್ ಒಂದು ಪುಟ್ಟ ಕೆರೆ. ಅದರ ತೂಬು ಅಡ್ಮಿನ್ ಪೇಜ್. ಮೆಟ್ಟಿಲು ಮೆಟ್ಟಿಲಾಗಿ ಹೋಗೋಣ.

ಮೆಟ್ಟಿಲು 1: ಬಾಯಿಬಿಟ್ಟು ಹೇಳಿ, ದಿನಾಂಕ ಹಾಕಿ

ರಾತ್ರೋರಾತ್ರಿ ಪಾಸ್‌ವರ್ಡ್ ಬದಲಿಸೋದು ಬೇಡ. ಮೊದಲು ಅವನೊಬ್ಬನ ಜೊತೆ ಮಾತಾಡಿ. ಆಮೇಲೆ ಗ್ರೂಪಲ್ಲಿ ಎಲ್ಲರಿಗೂ ಅನ್ವಯ ಆಗೋ ಥರ ಒಂದು ಮೆಸೇಜ್ ಹಾಕಿ. ಹೀಗೆ:

"ಈ ತಿಂಗಳ ವೈಫೈ ಬಿಲ್ 589. ತಲೆಗೆ 147. 5ನೇ ತಾರೀಖು ಕಟ್ಟಬೇಕು. 12ರವರೆಗೆ ಕಾಯ್ತೀವಿ. ಅಷ್ಟರಲ್ಲಿ ಹಾಕದೇ ಇರೋರ ಕನೆಕ್ಷನ್ ಆ ತಿಂಗಳಿಗೆ ಇರಲ್ಲ. ಕಷ್ಟ ಇದ್ರೆ ಮೊದಲೇ ಹೇಳಿ, ಅಡ್ಜಸ್ಟ್ ಮಾಡೋಣ."

ಇದರಲ್ಲಿ ಯಾರ ಹೆಸರೂ ಇಲ್ಲ, ಚುಚ್ಚು ಮಾತೂ ಇಲ್ಲ. ಮೊತ್ತ ಇದೆ, ದಿನಾಂಕ ಇದೆ, ಏನಾಗುತ್ತೆ ಅಂತ ಇದೆ, ಬಾಗಿಲೂ ತೆರೆದಿದೆ. ಮುಕ್ಕಾಲು ಪಾಲು ಜಗಳ ಇಲ್ಲೇ ಮುಗಿಯುತ್ತೆ.

ಮೆಟ್ಟಿಲು 2: ರೌಟರ್ ಒಳಗೆ ಹೋಗಿ ನೋಡಿ

ರೌಟರ್ ಕೆಳಗೆ ಒಂದು ಸ್ಟಿಕ್ಕರ್ ಇರುತ್ತೆ. ಅದರ ಮೇಲೆ ಒಂದು ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿರುತ್ತೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಜಿಯೊ ರೌಟರ್ ಆದ್ರೆ 192.168.29.1. ಫೋನ್ ವೈಫೈಗೆ ಕನೆಕ್ಟ್ ಆಗಿರುವಾಗ ಬ್ರೌಸರ್‌ನಲ್ಲಿ ಇದನ್ನ ಟೈಪ್ ಮಾಡಿ. ಲಾಗಿನ್ ಪೇಜ್ ಬರುತ್ತೆ. ಕೆಲವು ಕಂಪನಿಗಳ ಆ್ಯಪ್‌ನಲ್ಲೇ ಈ ಕೆಲಸ ಮಾಡ್ಬೋದು.

ಒಳಗೆ ಹೋದ ಮೇಲೆ ಮೊದಲ ಕೆಲಸ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೌಟರ್‌ದೇ ಬೀಗ. ಸ್ಟಿಕ್ಕರ್ ಮೇಲಿರೋದನ್ನೇ ಬಿಟ್ರೆ ನೀವು ಏನೇ ಸೆಟ್ ಮಾಡಿದ್ರೂ ನಾಲ್ಕನೆಯವನು ಅದೇ ದಾರೀಲಿ ಬಂದು ತೆಗೆದು ಹಾಕ್ತಾನೆ.

ಎರಡನೇ ಕೆಲಸ, ಕನೆಕ್ಟ್ ಆಗಿರೋ ಡಿವೈಸ್‌ಗಳ ಪಟ್ಟಿ ನೋಡಿ. ನಾಲ್ಕು ಜನರ ರೂಮಲ್ಲಿ ಒಂಬತ್ತು ಡಿವೈಸ್ ಕಂಡ್ರೆ ಗಾಬರಿ ಆಗ್ಬೇಡಿ. ಫೋನು, ಲ್ಯಾಪ್‌ಟಾಪು, ಟೀವಿ, ವಾಚು ಎಲ್ಲ ಲೆಕ್ಕಕ್ಕೆ ಬರುತ್ತೆ. ಆದ್ರೂ ಮಿಕ್ಕಿದ್ರೆ, ಪಕ್ಕದ ರೂಮಿನೋರು ಬಿಟ್ಟಿ ನೋಡ್ತಿರಬಹುದು. ನಿಮ್ಮ ನಾಲ್ಕನೆಯವನ ಮೇಲೆ ಹಾಕಿದ್ದ ಆರೋಪ ಅಸಲಿಗೆ ಪಕ್ಕದ ಗೋಡೆದು ಅಂತ ಗೊತ್ತಾಗೋದು ಇಲ್ಲೇ.

ಮೆಟ್ಟಿಲು 3: ಗೆಸ್ಟ್ ನೆಟ್‌ವರ್ಕ್

ನನ್ನ ಪ್ರಕಾರ ಇದೇ ಬೆಸ್ಟ್ ದಾರಿ. ಈಗಿನ ಹೆಚ್ಚಿನ ರೌಟರ್‌ಗಳಲ್ಲಿ "ಗೆಸ್ಟ್ ನೆಟ್‌ವರ್ಕ್" ಅಂತ ಇರುತ್ತೆ. ಅದೇ ರೌಟರ್, ಆದ್ರೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ದುಡ್ಡು ಹಾಕಿರೋ ಮೂವರು ಮುಖ್ಯ ನೆಟ್‌ವರ್ಕ್‌ನಲ್ಲಿ ಇರಿ. ಬಾಕಿ ಇರೋನು, ಊರಿಂದ ಬಂದ ಫ್ರೆಂಡು, ವಾರಾಂತ್ಯಕ್ಕೆ ಬಂದ ತಮ್ಮ, ಇವರೆಲ್ಲ ಗೆಸ್ಟ್‌ನಲ್ಲಿ.

ಇದರಿಂದ ಮೂರು ಲಾಭ. ಗೆಸ್ಟ್ ಪಾಸ್‌ವರ್ಡ್ ಬದಲಿಸಿದ್ರೆ ನಿಮ್ಮ ಯಾರ ಫೋನಿಗೂ ತೊಂದರೆ ಇಲ್ಲ. ಹಲವು ರೌಟರ್‌ಗಳಲ್ಲಿ ಗೆಸ್ಟ್‌ಗೆ ಸ್ಪೀಡ್ ಮಿತಿ ಹಾಕ್ಬೋದು. 2 ಎಂಬಿಪಿಎಸ್ ಕೊಟ್ರೆ ವಾಟ್ಸ್ಆ್ಯಪ್, ಯುಪಿಐ, ಕೆಲಸದ ಅರ್ಜಿ, ಮನೆಗೆ ಕಾಲ್, ಎಲ್ಲ ನಡೆಯುತ್ತೆ, ಎಚ್‌ಡಿ ಸಿನಿಮಾ ನಡೆಯಲ್ಲ. ಮೂರನೇದು, ಪೂರ್ತಿ ಕಟ್ ಮಾಡೋ ಕಹಿ ಇಲ್ಲ. ಅವನು ದುಡ್ಡು ಹಾಕಿದ ದಿನ ಮತ್ತೆ ಮುಖ್ಯ ನೆಟ್‌ವರ್ಕ್‌ಗೆ ಬಾ ಅಂತ ಕರೆದ್ರೆ ಆಯ್ತು.

ಲೈನ್ ನುಂಗೋ ಸಮಸ್ಯೆಗೂ ಔಷಧಿ ಇದೇ ಜಾಗದಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಅಥವಾ ಕ್ಯುಒಎಸ್ ಅಂತ ಇದ್ರೆ, ಪ್ರತಿ ಡಿವೈಸ್‌ಗೂ ಗರಿಷ್ಠ ಸ್ಪೀಡ್ ಹಾಕಿ. ಎಲ್ಲರಿಗೂ ಒಂದೇ ಥರ ಹಾಕಿ, ನಿಮಗೂ ಸೇರಿಸಿ.

ಮೆಟ್ಟಿಲು 4: ಪಾಸ್‌ವರ್ಡ್ ಬದಲಾವಣೆ

ಗೆಸ್ಟ್ ಆಪ್ಷನ್ ಇಲ್ಲದ ಹಳೇ ರೌಟರ್ ಆದ್ರೆ ಇದೇ ದಾರಿ. ವೈಫೈ ಸೆಕ್ಯುರಿಟಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಪಾಸ್‌ವರ್ಡ್ ಉದ್ದ ಇರಲಿ. ಮನೆ ಓನರ್ ಹೆಸರು, ರೂಮ್ ನಂಬರ್, ಮೊಬೈಲ್ ನಂಬರ್ ಬೇಡ. ಡಬ್ಲ್ಯುಪಿಎಸ್ ಅನ್ನೋದು ಆನ್ ಇದ್ರೆ ಆಫ್ ಮಾಡಿ. ಇಲ್ಲ ಅಂದ್ರೆ ರೌಟರ್ ಮೇಲಿನ ಬಟನ್ ಒತ್ತಿ ಪಾಸ್‌ವರ್ಡ್ ಇಲ್ಲದೇ ಸೇರ್ಕೋಬಹುದು.

ಆದ್ರೆ ಒಂದು ಸತ್ಯ ಹೇಳ್ತೀನಿ. ಪಾಸ್‌ವರ್ಡ್ ಗುಟ್ಟು ಅನ್ನೋದು ಈಗ ಗುಟ್ಟೇ ಅಲ್ಲ. ಆಂಡ್ರಾಯ್ಡ್ 10 ಬಂದಾಗಿಂದ, ಕನೆಕ್ಟ್ ಆಗಿರೋ ಫೋನಲ್ಲಿ "ಶೇರ್" ಒತ್ತಿದ್ರೆ ಕ್ಯುಆರ್ ಕೋಡ್ ಬರುತ್ತೆ. ಇನ್ನೊಬ್ಬ ಸ್ಕ್ಯಾನ್ ಮಾಡಿದ್ರೆ ಮುಗೀತು. ಐಫೋನಲ್ಲೂ ಐಒಎಸ್ 16ರಿಂದ ಸೇವ್ ಆಗಿರೋ ಪಾಸ್‌ವರ್ಡ್ ನೋಡ್ಬೋದು. ಅಂದ್ರೆ ಮೂವರಲ್ಲಿ ಒಬ್ಬನಿಗೆ ನಾಲ್ಕನೆಯವನ ಮೇಲೆ ಕನಿಕರ ಬಂದ್ರೂ ನಿಮ್ಮ ಬೀಗ ಬಿದ್ದು ಹೋಯ್ತು. ಅದೂ ಬೇಡ ಅಂದ್ರೆ ಹಾಟ್‌ಸ್ಪಾಟ್ ಇದ್ದೇ ಇದೆ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳು ವೈಫೈಯನ್ನೇ ಹಾಟ್‌ಸ್ಪಾಟ್ ಮಾಡಿ ಹಂಚುತ್ತವೆ.

ಹಾಗಾಗಿ ಬೀಗಕ್ಕಿಂತ ಮುಂಚೆ ಮೂವರ ಒಪ್ಪಂದ ಗಟ್ಟಿ ಇರಬೇಕು. ಒಬ್ಬನೇ ಸಿಟ್ಟಲ್ಲಿ ಮಾಡಿದ್ರೆ ನಡೆಯಲ್ಲ.

ಮೆಟ್ಟಿಲು 5: ಮ್ಯಾಕ್ ಫಿಲ್ಟರ್, ಎಲ್ಲರೂ ಹೇಳೋದು, ಕೆಲಸಕ್ಕೆ ಬರೋದು ಕಮ್ಮಿ

ಯೂಟ್ಯೂಬಲ್ಲಿ ಹುಡುಕಿದ್ರೆ ಎಲ್ಲ ವಿಡಿಯೊನೂ ಇದನ್ನೇ ಹೇಳುತ್ತೆ. ಪ್ರತಿ ಫೋನಿನ ವೈಫೈಗೂ ಮ್ಯಾಕ್ ಅಡ್ರೆಸ್ ಅಂತ ಒಂದು ಗುರುತಿನ ಸಂಖ್ಯೆ ಇರುತ್ತೆ, ಅದನ್ನ ಬ್ಲಾಕ್ ಮಾಡಿ ಅಂತ. ಹಿಂದೆ ಇದು ಚೆನ್ನಾಗಿ ನಡೀತಿತ್ತು. ಆದ್ರೆ ಆಂಡ್ರಾಯ್ಡ್ 10 ಮತ್ತೆ ಐಒಎಸ್ 14ರಿಂದ ಫೋನುಗಳು ಪ್ರೈವೆಸಿಗೋಸ್ಕರ ಒಂದೊಂದು ನೆಟ್‌ವರ್ಕ್‌ಗೆ ಒಂದೊಂದು ನಕಲಿ ಮ್ಯಾಕ್ ತೋರಿಸ್ತವೆ. ನೀವು ನಕಲಿಯನ್ನ ಬ್ಲಾಕ್ ಮಾಡಿದ್ರೆ, ಅವನು ಸೆಟ್ಟಿಂಗ್ಸಲ್ಲಿ ಅಸಲಿಗೆ ಬದಲಿಸಿ ಒಂದು ನಿಮಿಷದಲ್ಲಿ ವಾಪಸ್ ಬರ್ತಾನೆ.

ಉಲ್ಟಾ ದಾರಿ ಇನ್ನೂ ಗಟ್ಟಿ. "ಈ ಪಟ್ಟೀಲಿ ಇರೋ ಡಿವೈಸ್‌ಗಳಿಗೆ ಮಾತ್ರ ಬಿಡು" ಅಂತ ಹಾಕೋದು. ಆಗ ನಿಮ್ಮ ಎಲ್ಲರ ಫೋನಲ್ಲೂ ಈ ನೆಟ್‌ವರ್ಕ್‌ಗೆ ರ‍್ಯಾಂಡಮ್ ಮ್ಯಾಕ್ ಆಫ್ ಮಾಡಿ, ಒಂದೊಂದನ್ನೇ ಸೇರಿಸ್ಬೇಕು. ಹೊಸ ಫೋನ್ ತಗೊಂಡಾಗೆಲ್ಲ ಮತ್ತೆ ಅದೇ ಕೆಲಸ. 147 ರೂಪಾಯಿಗೆ ಇಷ್ಟು ತಲೆನೋವು ಬೇಕಾ, ನೀವೇ ಯೋಚ್ನೆ ಮಾಡಿ.

ಇನ್ನೊಂದು ಎಚ್ಚರಿಕೆ. ರೌಟರ್ ಹಿಂದೆ ಸಣ್ಣ ತೂತಲ್ಲಿ ರೀಸೆಟ್ ಬಟನ್ ಇರುತ್ತೆ. ಸಿಟ್ಟು ಬಂದವನು ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಹಿಡಿದ್ರೆ ನಿಮ್ಮ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗುತ್ತೆ. ಕೆಲವು ಸಲ ಕಂಪನಿಯ ಲಾಗಿನ್ ವಿವರಾನೂ ಹೋಗಿ ಇಡೀ ರೂಮಿಗೆ ನೆಟ್ ಇರಲ್ಲ. ಅದಕ್ಕೆ ಅಂತ ರೌಟರ್‌ನ ಕಬ್ಬಿಣದ ಬೀರುವಲ್ಲಿಟ್ಟು ಬೀಗ ಹಾಕ್ಬೇಡಿ. ಕಬ್ಬಿಣ ಸಿಗ್ನಲ್ ತಡೆಯುತ್ತೆ, ದುಡ್ಡು ಕೊಟ್ಟವನಿಗೂ ನೆಟ್ ಬರಲ್ಲ.

ಇವು ಮಾತ್ರ ಮಾಡ್ಬೇಡಿ

ಜಾಮರ್ ತರಿಸ್ಬೇಡಿ. ಸಿಗ್ನಲ್ ಜಾಮರ್ ಇಟ್ಕೊಳ್ಳೋದು, ಬಳಸೋದು ಸರ್ಕಾರದ ಅನುಮತಿ ಇಲ್ಲದೇ ಕಾನೂನುಬಾಹಿರ ಅಂತ ದೂರಸಂಪರ್ಕ ಇಲಾಖೆ 2022ರಲ್ಲಿ ಮತ್ತೆ ನೆನಪಿಸಿದೆ.

ಅವನು ಯಾವ ಸೈಟ್ ನೋಡ್ತಾನೆ ಅಂತ ರೌಟರ್ ಲಾಗ್‌ನಲ್ಲಿ ಇಣುಕಿ, ಅದನ್ನ ಗ್ರೂಪಲ್ಲಿ ಹಾಕಿ ನಗ್ಬೇಡಿ. ದುಡ್ಡು ಬಾಕಿ ಇದ್ರೆ ದುಡ್ಡು ಕೇಳಿ. ಅವನ ಖಾಸಗಿ ಬದುಕು ಅಡಮಾನಕ್ಕೆ ಇಟ್ಟಿಲ್ಲ.

ಬಿಲ್ ಭಾರ ಇಳಿಸೋಕೆ ಅಂತ ಪಕ್ಕದ ಬಿಲ್ಡಿಂಗ್‌ಗೆಲ್ಲ ದುಡ್ಡಿಗೆ ಪಾಸ್‌ವರ್ಡ್ ಮಾರ್ಬೇಡಿ. ಮನೆ ಕನೆಕ್ಷನ್ ಮರುಮಾರಾಟ ಮಾಡೋದಕ್ಕೆ ಕಂಪನಿಗಳ ಷರತ್ತು ಸಾಮಾನ್ಯವಾಗಿ ಒಪ್ಪಲ್ಲ.

ಕಾನೂನು ಏನನ್ನುತ್ತೆ?

ಮೊದಲು, ಕನೆಕ್ಷನ್ ಯಾರ ಹೆಸರಲ್ಲಿದೆ ನೋಡಿ. ಕೆವೈಸಿ ಕೊಟ್ಟು ಯಾರು ತಗೊಂಡಿದ್ದಾರೋ ಕಂಪನಿ ಲೆಕ್ಕದಲ್ಲಿ ಅವರೇ ಗ್ರಾಹಕರು. ಆ ಲೈನಿಂದ ಯಾರೇ ಏನೇ ತಪ್ಪು ಮಾಡಿದ್ರೂ ಪೊಲೀಸರು ಮೊದಲು ಬಾಗಿಲು ತಟ್ಟೋದು ಅವರದ್ದೇ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ವೇಳೆ ಬಂದ ಬೆದರಿಕೆ ಇ-ಮೇಲ್‌ನ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ನವಿ ಮುಂಬೈನಲ್ಲಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆ ವೈಫೈ. ಅವರಿಗೂ ಸ್ಫೋಟಕ್ಕೂ ಸಂಬಂಧ ಇರಲಿಲ್ಲ. ಬೇರೆಯವರು ಅವರ ವೈಫೈ ಬಳಸಿದ್ರು. ಆದ್ರೂ ವಿಚಾರಣೆ ಎದುರಿಸಿದ್ದು ಅವರು. ಅದಕ್ಕೇ ಹೇಳೋದು, ರೂಮ್ ಬಿಟ್ಟು ಹೋದವನ ಕೈಲಿ ನಿಮ್ಮ ಪಾಸ್‌ವರ್ಡ್ ಇರಬಾರದು. ಯಾರಾದ್ರೂ ರೂಮ್ ಖಾಲಿ ಮಾಡಿದ ದಿನವೇ ಬದಲಿಸಿ. ಇದು ದುಡ್ಡಿನ ವಿಷಯ ಅಲ್ಲ, ಸುರಕ್ಷತೆ ವಿಷಯ.

ಎರಡನೇದು, ಬೇಡ ಅಂದ ಮೇಲೂ ಕದ್ದು ನುಗ್ಗಿದ್ರೆ? ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43, ಅನುಮತಿ ಇಲ್ಲದೇ ಕಂಪ್ಯೂಟರ್ ನೆಟ್‌ವರ್ಕ್ ಪ್ರವೇಶಿಸೋದರ ಬಗ್ಗೆ ಹೇಳುತ್ತೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದ್ರೆ ಸೆಕ್ಷನ್ 66ರಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಥವಾ ಎರಡೂ. 147 ರೂಪಾಯಿಗೆ ಯಾರೂ ಠಾಣೆಗೆ ಹೋಗಲ್ಲ, ಹೋಗೋದೂ ಬೇಡ. ಆದ್ರೆ "ಏನೂ ಆಗಲ್ಲ ಬಿಡು" ಅನ್ನೋ ವಿಷಯ ಇದಲ್ಲ ಅಂತ ಗೊತ್ತಿರಲಿ.

ಮೂರನೇದು ನಾಲ್ಕನೆಯವನ ಪರ. ಭಾರತೀಯ ಕರಾರು ಕಾಯ್ದೆ 1872ರ ಪ್ರಕಾರ ಬಾಯಿಮಾತಿನ ಒಪ್ಪಂದವೂ ಸಾಮಾನ್ಯವಾಗಿ ಒಪ್ಪಂದವೇ. ಅವನು ಈ ತಿಂಗಳ ಪಾಲು ಕೊಟ್ಟಿದ್ರೆ, ಪಾತ್ರೆ ತೊಳೆದಿಲ್ಲ ಅನ್ನೋ ಸಿಟ್ಟಿಗೆ ಅವನ ನೆಟ್ ಕಟ್ ಮಾಡೋ ಹಾಗಿಲ್ಲ. ಅವನ ದುಡ್ಡಿಗೆ ಅವನಿಗೆ ತಿಂಗಳು ಸಲ್ಲಬೇಕು. ಹಾಗೇ ಪಿಜಿಯಲ್ಲಿ ವೈಫೈ ಬಾಡಿಗೆಯಲ್ಲೇ ಸೇರಿದ್ರೆ, ಅದನ್ನ ಕಟ್ ಮಾಡೋ ಅಧಿಕಾರ ರೂಮ್‌ಮೇಟ್‌ಗೆ ಇಲ್ಲವೇ ಇಲ್ಲ.

"ಇಂಟರ್ನೆಟ್ ನನ್ನ ಮೂಲಭೂತ ಹಕ್ಕು" ಅಂತ ಅವನು ಹೇಳಿದ್ರೆ? 2019ರಲ್ಲಿ ಕೇರಳ ಹೈಕೋರ್ಟ್, ಹಾಸ್ಟೆಲ್‌ನಲ್ಲಿ ಮೊಬೈಲ್ ನಿರ್ಬಂಧ ಒಪ್ಪದ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ, ಇಂಟರ್ನೆಟ್ ಬಳಸೋ ಹಕ್ಕು ಶಿಕ್ಷಣ ಮತ್ತು ಖಾಸಗಿತನದ ಹಕ್ಕಿನ ಭಾಗ ಅಂದಿತ್ತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಇಂಟರ್ನೆಟ್ ಮೂಲಕ ಮಾತಾಡೋ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆ ಇದೆ ಅಂದಿತ್ತು. ಎರಡೂ ದೊಡ್ಡ ತೀರ್ಪು. ಆದ್ರೆ ಆ ಕೇಸುಗಳಲ್ಲಿ ಎದುರು ನಿಂತಿದ್ದು ಸರ್ಕಾರ, ಕಾಲೇಜು. ರೂಮ್‌ಮೇಟ್ ಬಿಟ್ಟಿ ವೈಫೈ ಕೊಡಲೇಬೇಕು ಅಂತ ಅದರರ್ಥ ಅಲ್ಲ.

ಕಟ್ ಆದವನಿಗೆ ಎರಡು ಮಾತು

ನಾಲ್ಕನೆಯವನೂ ಇದನ್ನ ಕೇಳ್ತಿರಬಹುದು. ಅವನ ಕಡೆಗೂ ಮಾತಾಡ್ಬೇಕು.

2024ರ ಜುಲೈನಲ್ಲಿ ಮೊಬೈಲ್ ಕಂಪನಿಗಳು ರೀಚಾರ್ಜ್ ದರ ಏರಿಸಿದ ಮೇಲೆ ರೂಮ್ ವೈಫೈ ಮೇಲೆ ಅವಲಂಬನೆ ಜಾಸ್ತಿ ಆಗಿದೆ, ನಿಜ. ಆದ್ರೆ ಕೈಲಿ ಇಲ್ಲ ಅಂದ್ರೆ ಇಲ್ಲ ಅಂತ ಮೊದಲೇ ಹೇಳ್ಬಿಡು. ಮುಚ್ಚಿಟ್ರೆ ಉಳಿದವರು ಅದನ್ನ ಸೊಕ್ಕು ಅಂತ ತಿಳ್ಕೊತಾರೆ. ಬೇಕಾದ್ರೆ ಬದಲಿಗೆ ಬೇರೆ ಏನಾದ್ರೂ ಮಾಡು: ಈ ತಿಂಗಳ ನೀರಿನ ಕ್ಯಾನ್ ನಂದು ಅನ್ನು, ಅಥವಾ ಎರಡು ಕಂತಲ್ಲಿ ಕೊಡ್ತೀನಿ ಅನ್ನು.

ಪರೀಕ್ಷೆಗೆ ಓದ್ತಿದ್ದೀಯಾ ಅಂದ್ರೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ, ಎಷ್ಟೋ ಕಡೆ ಕಂಪ್ಯೂಟರ್ ಇದೆ. ದೇಶದ 6,000ಕ್ಕೂ ಹೆಚ್ಚು ರೈಲ್ವೆ ನಿಲ್ದಾಣಗಳಲ್ಲಿ ರೈಲ್‌ಟೆಲ್ ವೈಫೈ ಇದೆ, ದಿನಕ್ಕೆ ಮೊದಲ 30 ನಿಮಿಷ ಉಚಿತ. ಅರ್ಜಿ ಹಾಕೋಕೆ, ನೋಟ್ಸ್ ಡೌನ್‌ಲೋಡ್ ಮಾಡೋಕೆ ಅಷ್ಟು ಸಾಕು.

ಉಳಿದ ಮೂವರಿಗೆ ನನ್ನ ಒಂದು ವಿನಂತಿ. ಅರ್ಜಿಗೆ ಕೊನೇ ದಿನ, ರಿಸಲ್ಟ್ ದಿನ, ಆನ್‌ಲೈನ್ ಇಂಟರ್‌ವ್ಯೂ, ಮನೇಲಿ ಯಾರಿಗೋ ಹುಷಾರಿಲ್ಲ ಅನ್ನೋ ದಿನ, ಬಾಕಿ ಎಷ್ಟೇ ಇರಲಿ, ತೂಬು ತೆಗೀರಿ. ಆ ಇಂಟರ್‌ವ್ಯೂನಲ್ಲಿ ಅವನಿಗೆ ಕೆಲಸ ಸಿಕ್ರೆ ನಿಮ್ಮ ಬಾಕಿನೂ ಬರುತ್ತೆ.

ಮತ್ತೆ ಈ ಜಗಳ ಬರದ ಹಾಗೆ

ಕೊನೇದಾಗಿ, ಹೊಸ ರೂಮ್ ಮಾಡೋರು ಇದನ್ನ ಮೊದಲ ದಿನವೇ ಮಾತಾಡ್ಕೊಳ್ಳಿ.

ದುಡ್ಡು ಮುಂಗಡವಾಗಿ ಸೇರಿಸಿ. ಬಿಲ್ ಬಂದ ಮೇಲೆ ಕೇಳೋದು ಸಾಲ ವಸೂಲಿ, ಮುಂಚೆ ಕೇಳೋದು ಚಂದಾ. ಆಗೋದಾದ್ರೆ ಮೂರು ತಿಂಗಳಿಗೊಮ್ಮೆ. ನಮ್ಮ ಅಮ್ಮಂದಿರು ಚೀಟಿ ನಡೆಸೋ ಥರ: ಇಂಥ ದಿನ, ಇಷ್ಟು ಮೊತ್ತ, ಇವರ ಕೈಗೆ.

ಬಳಕೆ ಒಂದೇ ಥರ ಇಲ್ಲದಿದ್ರೆ ಪಾಲೂ ಒಂದೇ ಥರ ಬೇಡ. ಟೀವಿ, ಲ್ಯಾಪ್‌ಟಾಪ್ ಇರೋ ಮೂವರು ತಲೆಗೆ 170 ಹಾಕಿದ್ರೆ 510. ಫೋನ್ ಮಾತ್ರ ಇರೋನು 79 ಹಾಕಿದ್ರೆ 589 ಸರಿಹೋಯ್ತು. ಎರಡನೇ ಥರದವನ ತಕರಾರು ಅಲ್ಲಿಗೆ ಮುಗೀತು.

ರೂಮ್ ಬಿಡೋನು ಎಷ್ಟು ದಿನ ಮುಂಚೆ ಹೇಳ್ಬೇಕು, ರೌಟರ್ ಡೆಪಾಸಿಟ್ ಯಾರದ್ದು, ಕನೆಕ್ಷನ್ ಹೆಸರಲ್ಲಿರೋನೇ ಹೋದ್ರೆ ಏನು, ಇವನ್ನೆಲ್ಲ ಗ್ರೂಪಲ್ಲಿ ಬರೆದು ಪಿನ್ ಮಾಡಿ. ನಾಲ್ಕು ಸಾಲು ಸಾಕು. ಅಡ್ಮಿನ್ ಪಾಸ್‌ವರ್ಡ್ ಒಬ್ಬನ ಕೈಲೇ ಇರೋದೂ ಬೇಡ. ಇಬ್ಬರಿಗೆ ಗೊತ್ತಿರಲಿ. ನೀರುಗಂಟಿನೂ ಊರಿಗೆ ಉತ್ತರ ಕೊಡಬೇಕಿತ್ತು, ಕೆರೆ ಅವನ ಆಸ್ತಿ ಆಗಿರಲಿಲ್ಲ.

ಇಷ್ಟು ಇವತ್ತಿನ ವಿಷಯ. ನಿಮ್ಮ ರೂಮಿನ ಗ್ರೂಪಿಗೆ ಈ ಸಂಚಿಕೆ ಕಳಿಸಿ. ಯಾರ ಹೆಸರನ್ನೂ ಟ್ಯಾಗ್ ಮಾಡ್ಬೇಡಿ, ಅರ್ಥ ಆಗ್ಬೇಕಾದವರಿಗೆ ಅರ್ಥ ಆಗುತ್ತೆ. ಮುಂದಿನ ಸಂಚಿಕೆಯಲ್ಲಿ ರೂಮಿನ ಅಡ್ವಾನ್ಸ್ ದುಡ್ಡು ವಾಪಸ್ ತಗೊಳ್ಳೋದು ಹೇಗೆ ಅಂತ ಮಾತಾಡೋಣ.